ಹಳೇ ಟ್ರ್ಯಾಕ್ಟರ್ ಮಿಸ್ಸಿಂಗ್ ಹೊಡೀತಿದ್ರೆ ಪಂಪ್ ಬಿಚ್ಚೋ ಮುಂಚೆ ಇದನ್ನ ನೋಡಿ

ನಮ್ ಸಕಲೇಶಪುರ, ಬೇಲೂರು ಕಡೆ ಮಳೆಗಾಲ ಮುಗಿಯೋ ಹೊತ್ಗೆ ಹಳೇ ಟ್ರ್ಯಾಕ್ಟರ್‌ಗಳದ್ದು ಇದೇ ಗೋಳು, ಮಿಸ್ಸಿಂಗ್, ಅಂದ್ರೆ ಯಾವ್ದೋ ಸಿಲಿಂಡರ್ ಸರಿಯಾಗಿ ಉರೀದೆ ಇಂಜಿನ್ ನಡುಗುತ್ತೆ, ಲೋಡ್ ಎಳೆಯಲ್ಲ, ಸುಮಾರು ಜನ ಸೀದಾ ಇಂಜಿನ್‌ಗೆ ಪ್ರೆಷರಲ್ಲಿ ಡೀಸೆಲ್ ತಳ್ಳೋ ಪಂಪ್ ಬಿಚ್ಚಿಸ್ತಾರೆ, ದಯವಿಟ್ಟು ಅದನ್ನ ಕೊನೇಗಿಟ್ಕೊಳ್ಳಿ. ಅರ್ಧ ಟ್ಯಾಂಕ್ ಡೀಸೆಲ್ ಬಿಟ್ಟು ಶೆಡ್ಡಲ್ಲಿ ತಿಂಗಳುಗಟ್ಲೆ ನಿಲ್ಸಿದ್ರೆ ಖಾಲಿ ಜಾಗದಲ್ಲಿ ತೇವ ಕೂತು ನೀರಾಗಿ ತಳಕ್ಕಿಳಿಯುತ್ತೆ, ಡೀಸೆಲ್‌ಗಿಂತ ನೀರು ಭಾರ ಅಲ್ವಾ, ಅದೇ ಡೀಸೆಲ್ ಫಿಲ್ಟರ್‌ಗೆ ಬರೋದು. ಫಿಲ್ಟರ್ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಗಾಜಿನ ಬಾಟ್ಲಿಗೆ ಹಿಡಿದು ಸ್ವಲ್ಪ ಹೊತ್ತು ಇಡಿ, ನೀರಿದ್ರೆ ಅಡೀಲಿ ಬೇರೆಯಾಗಿ ಕಾಣುತ್ತೆ. ಫಿಲ್ಟರ್ ಹೊಸದು ಹಾಕಿದ್ಮೇಲೆ ಒಳಗೆ ಸೇರಿರೋ ಏರ್ ತೆಗೀಲೇಬೇಕು, ಗಾಳಿ ಬಿಡೋ ಬ್ಲೀಡ್ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಡೀಸೆಲ್ ತಳ್ಳೋ ಚಿಕ್ಕ ಪಂಪ್) ಒತ್ತುತ್ತಾ ಇರಿ, ನೊರೆ ನಿಂತು ಬರೀ ಡೀಸೆಲ್ ಬರೋ ತನಕ.

ಆಮೇಲೂ ಮಿಸ್ಸಿಂಗ್ ಇದ್ರೆ ಸ್ಲೋ ರನ್ನಿಂಗಲ್ಲಿ ಒಂದೊಂದೇ ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸೋದು) ಪೈಪಿನ ನಟ್ ಸಡಿಲಿಸಿ ನೋಡಿ. ಸೌಂಡ್ ಇನ್ನೂ ಕೆಟ್ರೆ ಆ ಸಿಲಿಂಡರ್ ಕೆಲ್ಸ ಮಾಡ್ತಿದೆ, ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅದೇ ಕಳ್ಳ. ನಟ್ ಹತ್ರ ಬಟ್ಟೆ ಸುತ್ತಿ, ಕೈ ಮುಖ ದೂರ ಇರ್ಲಿ, ಅಲ್ಲಿ ಬರೋ ಡೀಸೆಲ್ ಪ್ರೆಷರ್‌ಗೆ ಚರ್ಮದೊಳಕ್ಕೇ ನುಗ್ಗುತ್ತೆ, ತಮಾಷೆ ಅಲ್ಲ. ಆ ಇಂಜೆಕ್ಟರನ್ನ ಪಕ್ಕದ್ದರ ಜೊತೆ ಅದಲು ಬದಲು ಮಾಡ್ಸಿ, ತೊಂದ್ರೆ ಅದ್ರ ಹಿಂದೇನೇ ಹೋದ್ರೆ ಅದ್ರ ತುದಿಯ ನಾಜಲ್ ಟೆಸ್ಟ್ ಮಾಡ್ಸಿದ್ರೆ ಸಾಕು, ಹಳೇ ಸಿಲಿಂಡರಲ್ಲೇ ಉಳಿದ್ರೆ ಟ್ಯಾಪೆಟ್ ಗ್ಯಾಪು (ವಾಲ್ವ್ ಸಂದು), ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿ ಒತ್ತಡ) ನೋಡ್ಸಿ, ಆಮೇಲೆ ಪಂಪ್.

ಕಪ್ಪು ಹೊಗೆ ಬರ್ತಿದ್ರೆ ಮಾತ್ರ ಮೊದ್ಲು ಏರ್ ಕ್ಲೀನರ್ ತೆಗೀರಿ, ಶುಂಠಿ ಹೊಲದ ಧೂಳಿಗೆ ಅದ್ರ ತಳದಲ್ಲಿ ಧೂಳು ಹಿಡಿಯೋಕೆ ಇರೋ ಆಯಿಲ್ ಕೆಸರಾಗಿರುತ್ತೆ.