ನಾಲ್ಕು ಡಬ್ಬಿಯಲ್ಲಿ ದುರ್ಗದ ಹೊಂಡ, ಅಂಗಳದಲ್ಲಿ ಮಾಯವಾಗುವ ನೆರಳು

ಪರೀಕ್ಷೆ ಮುಗಿದು ವಾರ ಕಳೆಯುವಷ್ಟರಲ್ಲಿ ಮಕ್ಕಳು ‘ಅಮ್ಮಾ, ಬೇಜಾರು’ ಎಂದು ಶುರು ಮಾಡುತ್ತಾರೆ. ಚಿತ್ರದುರ್ಗ, ದಾವಣಗೆರೆಯ ಬಿಸಿಲಿಗೆ ಹೊರಗೆ ಬಿಡುವ ಹಾಗಿಲ್ಲ. ಶಿಬಿರಕ್ಕೆ ಕಳಿಸೋಣ ಎಂದರೆ ಇಬ್ಬರು ಮಕ್ಕಳ ಫೀಸು ಸೇರಿ ತಿಂಗಳ ದಿನಸಿ ಲೆಕ್ಕವೇ ಏರುಪೇರಾಗುತ್ತದೆ. ಕೊನೆಗೆ ಮಕ್ಕಳ ಕೈಗೆ ಮೊಬೈಲ್ ಹೋಗುತ್ತದೆ.

ದುಡ್ಡು ಸುರಿಯದೆಯೂ ರಜೆ ಚೆನ್ನಾಗಿ ಕಳೆಯಬಹುದು. ಮಧ್ಯಾಹ್ನ ನೆರಳಲ್ಲಿ ಮಕ್ಕಳ ಕೈಯಿಂದ ಒಂದು ಕೆಲಸ ಮಾಡಿಸಿ. ಅದಕ್ಕೆ ಸಂಬಂಧಪಟ್ಟಿದ್ದನ್ನು ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲು ಊರಲ್ಲಿ ತೋರಿಸಿ. ಸುಮ್ನೆ ಕೋಟೆಗೆ ಕರೆದುಕೊಂಡು ಹೋದರೆ ಮಕ್ಕಳು ಫೋಟೊ ತೆಗೆಸಿಕೊಂಡು ಮರೆತುಬಿಡುತ್ತಾರೆ. ಮನೆಯಲ್ಲಿ ಮೊದಲು ಮಾಡಿ ನೋಡಿದ್ದರೆ ಅವರೇ ನಿಮಗೆ ವಿವರಿಸುತ್ತಾರೆ.

ಮೆಟ್ಟಿಲ ಮೇಲೆ ಹೊಂಡ

ದುರ್ಗದ ಕೋಟೆ ಎಂದರೆ ಏಳು ಸುತ್ತು, ಒನಕೆ ಓಬವ್ವ, ಮದಕರಿ ನಾಯಕ. ಇಷ್ಟು ಎಲ್ಲ ಮಕ್ಕಳಿಗೂ ಗೊತ್ತು. ಬಂಡೆಗಳ ಮೇಲೆ ಅಷ್ಟು ಜನ ನೀರಿಗೆ ಏನು ಮಾಡುತ್ತಿದ್ದರು ಎಂದು ಕೇಳಿ ನೋಡಿ. ಉತ್ತರ ಹೊಂಡಗಳಲ್ಲಿದೆ. ಮಳೆನೀರು ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಪಂಪು, ಕರೆಂಟು ಏನೂ ಬೇಡ, ಇಳಿಜಾರೇ ಸಾಕು. ಇದನ್ನು ಮನೆಯಲ್ಲಿ ಹೀಗೆ ಮಾಡಿ:

1. ನಾಲ್ಕು ಹಳೆಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಪ್ರತಿ ಡಬ್ಬಿಯ ಬಾಯಿ ಹತ್ತಿರ ಒಂದು ಬೆರಳಿನಷ್ಟು ಕಚ್ಚು ಮಾಡಿ. ಇದು ಕೋಡಿ. ಕತ್ತರಿಸುವ ಕೆಲಸ ದೊಡ್ಡವರದು.

2. ಹೊರಗಿನ ಮೆಟ್ಟಿಲ ಮೇಲೆ, ನೆರಳಿರುವ ಕಡೆ, ಮೆಟ್ಟಿಲಿಗೊಂದರಂತೆ ಇಡಿ. ಕೋಡಿ ಕೆಳಗಿನ ಮೆಟ್ಟಿಲ ಕಡೆ ಇರಲಿ. ನೀರು ಸರಿಯಾಗಿ ಬೀಳದಿದ್ದರೆ ನೀರಿನ ಬಾಟಲಿಯನ್ನು ಉದ್ದಕ್ಕೆ ಸೀಳಿ ಕಾಲುವೆ ಮಾಡಿ. ಮೆಟ್ಟಿಲಿಲ್ಲದ ಮನೆಯಲ್ಲಿ ಇಟ್ಟಿಗೆ ಜೋಡಿಸಿದರೆ ಆಯಿತು.

3. ಡಬ್ಬಿಗಳ ಮೇಲೆ ಹೊಂಡಗಳ ಹೆಸರನ್ನು ಮಕ್ಕಳೇ ಬರೆಯಲಿ.

4. ಅಕ್ಕಿ ತೊಳೆದ ನೀರೋ, ತರಕಾರಿ ತೊಳೆದ ನೀರೋ ಬಳಸಿ. ಅದಕ್ಕೆ ಒಂದು ಹಿಡಿ ಮಣ್ಣು ಕಲಸಿ, ಮೇಲಿನ ಡಬ್ಬಿಗೆ ಚೊಂಬಿನಿಂದ ನಿಧಾನವಾಗಿ ಸುರಿಯಿರಿ.

5. ನಾಲ್ಕನೆಯ ಡಬ್ಬಿಗೆ ನೀರು ಬರುವವರೆಗೆ ಕಾಯಿರಿ. ಆಮೇಲೆ ನಾಲ್ಕರ ಬಣ್ಣವನ್ನೂ ಹೋಲಿಸಿ.

ನಿಧಾನವಾಗಿ ಸುರಿದಷ್ಟೂ ಹೂಳು ಮೇಲಿನ ಡಬ್ಬಿಗಳಲ್ಲೇ ಜಾಸ್ತಿ ನಿಲ್ಲುತ್ತದೆ. ಕೆಳಗೆ ಹೋದಂತೆ ನೀರು ತಿಳಿಯಾಗುತ್ತದೆ. ಒಮ್ಮೆ ಜೋರಾಗಿ ಸುರಿದರೆ ಕೆಸರೆಲ್ಲ ಕೊನೆಯವರೆಗೂ ಹರಿದುಹೋಗುತ್ತದೆ. ಎರಡನ್ನೂ ಮಾಡಿಸಿ. ಕೋಡಿಗೆ ಎಲೆ ಸಿಕ್ಕಿಸಿದರೆ ಏನಾಗುತ್ತದೆ, ಮೇಲಿನ ಡಬ್ಬಿಯ ಹೂಳು ತೆಗೆಯದಿದ್ದರೆ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳಿ. ಉತ್ತರ ಹೇಳಿಕೊಡಬೇಡಿ, ಅವರೇ ಮಾಡಿ ನೋಡಲಿ. ಆಟ ಮುಗಿದ ಮೇಲೆ ನೀರು ಗಿಡಕ್ಕೆ.

ಮರುದಿನ ಬೆಳಿಗ್ಗೆ ಕೋಟೆಗೆ ಹೋಗಿ. ಗೇಟು ತೆರೆಯುವ ಹೊತ್ತಿಗೇ ಹೋದರೆ 9ರೊಳಗೆ ಇಳಿದುಬಿಡಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೊದಲು ಗೋಪಾಲಸ್ವಾಮಿ ಹೊಂಡ, ಆಮೇಲೆ ಅಕ್ಕ-ತಂಗಿ ಹೊಂಡ ನೋಡಿ. ಇಳಿಯುವಾಗ ಓಬವ್ವನ ಕಿಂಡಿ ತೋರಿಸಿ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದಾಗಲೇ ಅಲ್ವಾ ಓಬವ್ವ ಹೈದರಾಲಿಯ ಸೈನಿಕರನ್ನು ಕಂಡದ್ದು? ಡಬ್ಬಿ ಆಟ ಆಡಿದ ಮಕ್ಕಳಿಗೆ ಕಥೆಯ ಆ ನೀರಿನ ಭಾಗ ಈಗ ಬೇರೆಯೇ ಆಗಿ ಕಾಣುತ್ತದೆ. ಕೆಳಗೆ ಬಂದು ಸಂತೆಹೊಂಡ ನೋಡಿದರೆ ಸರಣಿ ಪೂರ್ತಿಯಾಯಿತು. ಎಲ್ಲ ಕಡೆಯೂ ದಡದಲ್ಲೇ ನಿಂತು ನೋಡಿ. ಪಾಚಿ ಕಟ್ಟಿದ ಮೆಟ್ಟಿಲಿಗೆ ಮಕ್ಕಳನ್ನು ಇಳಿಸಲೇಬೇಡಿ.

ಇನ್ನೊಂದು ಬೆಳಿಗ್ಗೆ ಬಿಡುವಾದರೆ ಚಂದ್ರವಳ್ಳಿಗೆ ಹೋಗಬಹುದು. ಅಲ್ಲಿನ ಬಂಡೆಯ ಮೇಲಿರುವ ಕದಂಬರ ಮಯೂರಶರ್ಮನ ಶಾಸನವೂ ಕೆರೆಯ ವಿಷಯವನ್ನೇ ಹೇಳುತ್ತದೆ. ದಾವಣಗೆರೆ ಕಡೆಯವರಿಗೆ ಸಂತೇಬೆನ್ನೂರಿನ ಪುಷ್ಕರಣಿ ಹತ್ತಿರ. ಅಷ್ಟು ದೂರವೂ ಬೇಡ ಎಂದರೆ ಕುಂದವಾಡ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು ಬನ್ನಿ.

ನೆರಳು ಕಾಣೆಯಾಗುವ ದಿನ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರಜೆಯಲ್ಲಿ ಇದೊಂದನ್ನು ಮಾತ್ರ ತಪ್ಪಿಸಬೇಡಿ.

ಡಿಸೆಂಬರ್ ಕೊನೆಯಿಂದ ಸೂರ್ಯ ದಿನದಿನಕ್ಕೂ ಉತ್ತರಕ್ಕೆ ಸರಿಯುತ್ತಾನೆ. ಏಪ್ರಿಲ್ 28-29ರ ಸುಮಾರಿಗೆ ಚಿತ್ರದುರ್ಗ, ದಾವಣಗೆರೆಯಲ್ಲಿ ಮಧ್ಯಾಹ್ನ ನೇರ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡಕ್ಕೇ ಸೇರಿ ಮಾಯವಾಗುತ್ತದೆ. ಆ ಹೊತ್ತು 12 ಗಂಟೆಯಲ್ಲ, ನಮ್ಮ ಕಡೆ 12.20ರಿಂದ 12.25ರ ನಡುವೆ. ಗಡಿಯಾರದ ಸಮಯ ಇಡೀ ದೇಶಕ್ಕೆ ಒಂದೇ, ಸೂರ್ಯ ಮಾತ್ರ ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ಮೇಲೆ ಬರುತ್ತಾನೆ.

1. 30 ಸೆಂ.ಮೀ.ಗಿಂತ ಸ್ವಲ್ಪ ಉದ್ದದ ನೇರ ಕೋಲನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ನೆಡಿ. ಮಣ್ಣು ಡಬ್ಬಿಯ ಬಾಯಿಮಟ್ಟಕ್ಕಿರಲಿ. ಕೋಲಿನ 30 ಸೆಂ.ಮೀ. ಪೂರ್ತಿ ಮಣ್ಣಿನ ಮೇಲೇ ಕಾಣಬೇಕು. ಡಬ್ಬಿಯ ಸುತ್ತ ಬಾಯಿಮಟ್ಟಕ್ಕೇ ರಟ್ಟು ಹೊಂದಿಸಿ.

2. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಗಾರೆ ಕೆಲಸದವರ ತೂಗುಗುಂಡಿನ ಹಾಗೆ. ಕೋಲು ದಾರಕ್ಕೆ ಸಮನಾಗಿದೆಯೇ ಎಂದು ಎರಡು ಬದಿಯಿಂದ ನೋಡಿ.

3. 12ರಿಂದ 12.40ರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಪೆನ್ಸಿಲ್ ಗುರುತು ಹಾಕಿ. ಗುರುತಿನ ಪಕ್ಕ ಸಮಯ ಬರೆಯಿರಿ.

4. ಅತಿ ಗಿಡ್ಡ ನೆರಳನ್ನು ಅಳೆದು ಕ್ಯಾಲೆಂಡರ್‌ನ ಆ ತಾರೀಖಿನ ಮನೆಯಲ್ಲಿ ಬರೆದಿಡಿ.

ರಜೆ ಶುರುವಾದಾಗಲೇ, ಏಪ್ರಿಲ್ ಎರಡನೇ ವಾರದಿಂದ, ಎರಡು ಮೂರು ದಿನಕ್ಕೊಮ್ಮೆ ಅಳೆದರೆ ಇದರ ಸ್ವಾರಸ್ಯ ಜಾಸ್ತಿ. ಏಪ್ರಿಲ್ 11ರ ಹೊತ್ತಿಗೆ ನೆರಳು ಸುಮಾರು 3 ಸೆಂ.ಮೀ. ಇದ್ದು ಉತ್ತರಕ್ಕೆ ಬಿದ್ದಿರುತ್ತದೆ. ಕುಗ್ಗುತ್ತಾ ಕುಗ್ಗುತ್ತಾ ಇಲ್ಲವಾಗುತ್ತದೆ. ಆಮೇಲೆ ದಕ್ಷಿಣಕ್ಕೆ ಬೆಳೆಯತೊಡಗುತ್ತದೆ. ಮೇ 20ರ ಹೊತ್ತಿಗೆ ಮತ್ತೆ ಸುಮಾರು 3 ಸೆಂ.ಮೀ., ಈ ಸಲ ಇನ್ನೊಂದು ಬದಿಗೆ! ಆಗಸ್ಟ್ 14ರ ಸುಮಾರಿಗೆ ಸೂರ್ಯ ವಾಪಸ್ ಹೋಗುವಾಗ ನೆರಳು ಮತ್ತೊಮ್ಮೆ ಮಾಯವಾಗುತ್ತದೆ. ಆಗ ಮೋಡ ಬಿಡುವುದು ಕಷ್ಟ.

ಹೊತ್ತು ಮಟಮಟ ಮಧ್ಯಾಹ್ನ, ಎಚ್ಚರ ಬೇಕು. ಮಕ್ಕಳು ಜಗುಲಿಯಲ್ಲಿ ಕೂತಿರಲಿ. ಗುರುತು ಹಾಕುವಾಗ ಮಾತ್ರ ಟೋಪಿ, ಚಪ್ಪಲಿ ಹಾಕಿಕೊಂಡು ಬರಲಿ. ಸೂರ್ಯನನ್ನು ನೇರವಾಗಿ ನೋಡಬಾರದು, ಒಂದು ಕ್ಷಣವೂ.

ಹುಣಸೆಬೀಜದ ಚೌಕಾಬಾರ

ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸುವ ಮನೆಯಲ್ಲಿ ಬೀಜಕ್ಕೆ ಬರವಿಲ್ಲ. ನಾಲ್ಕು ದಪ್ಪ ಬೀಜ ಆರಿಸಿ, ಒಂದು ಬದಿ ಬೆಳ್ಳಗಾಗುವವರೆಗೆ ಒರಟು ಕಲ್ಲಿಗೆ ತಿಕ್ಕಲು ಕೊಡಿ. ಇದಕ್ಕೇ ಅರ್ಧ ಮಧ್ಯಾಹ್ನ ಹೋಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆಯಿರಿ. ನಾಲ್ಕು ಅಂಚಿನ ನಡುವಿನ ಮನೆಗೂ ಮಧ್ಯದ ಮನೆಗೂ ಅಡ್ಡಗೀಟು ಹಾಕಿ. ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಷ್ಟು ಬೀಜ ಬಿಳಿ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ಎದುರು ದಿಕ್ಕಿಗೆ, ಕೊನೆಗೆ ನಡುಮನೆ. ಒಂದಾದರೂ ಕಾಯಿ ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂಬ ನಿಯಮ ಹಲವು ಮನೆಗಳಲ್ಲಿದೆ. ನಿಮ್ಮ ಮನೆಯ ನಿಯಮವನ್ನು ಅಜ್ಜಿಯನ್ನೇ ಕೇಳಿ. ಅಜ್ಜಿ ಆಟಕ್ಕೆ ಕೂತರೆ ಇನ್ನೂ ಒಳ್ಳೆಯದು.

ಸಂಡಿಗೆ ಕಾವಲು, ಹಕ್ಕಿಗೆ ನೀರು

ಒಂದು ಲೋಟ ಸಬ್ಬಕ್ಕಿಯನ್ನು ರಾತ್ರಿ ನೆನೆಸಿ. ಬೆಳಿಗ್ಗೆ ನಾಲ್ಕೈದು ಲೋಟ ನೀರಿನಲ್ಲಿ ಗಾಜಿನಂತಾಗುವವರೆಗೆ ಬೇಯಿಸಿ, ಉಪ್ಪು, ಜೀರಿಗೆ, ಅರೆದ ಹಸಿಮೆಣಸಿನಕಾಯಿ ಸೇರಿಸಿ. ಒಲೆ ಕೆಲಸ ನಿಮ್ಮದು. ಹಿಟ್ಟು ಆರಿದ ಮೇಲೆ ಮಾಳಿಗೆಯಲ್ಲಿ ಹಾಳೆಯ ಮೇಲೆ ಚಮಚದಿಂದ ಇಡುವ ಕೆಲಸ ಮಕ್ಕಳದು. ಎರಡು ಮೂರು ದಿನದ ಬಿಸಿಲು ಸಾಕು. ಕಾಗೆ ಕಾಯುವುದು ನೆರಳಲ್ಲಿ ಕೂತೇ ಆಗಲಿ.

ಅದೇ ಮಾಳಿಗೆಯ ನೆರಳಿನ ಮೂಲೆಯಲ್ಲಿ ಅಗಲವಾದ ಮಣ್ಣಿನ ತಟ್ಟೆ ಇಟ್ಟು ನೀರು ಹಾಕಿಸಿ. ಸಣ್ಣ ಹಕ್ಕಿ ಕೂರಲು ನಡುವೆ ಒಂದು ಕಲ್ಲಿರಲಿ. ದಿನವೂ ತಿಕ್ಕಿ ತೊಳೆದು ನೀರು ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಯಾವ ಹಕ್ಕಿ ಎಷ್ಟು ಹೊತ್ತಿಗೆ ಬಂತು ಎಂದು ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯಲಿ.

ಹೊರಗೆ ಹೋಗುವ ದಿನ ಮಜ್ಜಿಗೆ ಬಾಟಲಿ, ಈರುಳ್ಳಿ ಹಾಕದ ಖಾರ ಮಂಡಕ್ಕಿ ಕಟ್ಟಿಕೊಳ್ಳಿ. ಈರುಳ್ಳಿ ಹಾಕಿದರೆ ತಲುಪುವಷ್ಟರಲ್ಲಿ ಮೆತ್ತಗಾಗುತ್ತದೆ. ಶಕ್ತಿ ಯೋಜನೆಯಲ್ಲಿ ಅಮ್ಮ, ಅಜ್ಜಿ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಆಧಾರ್ ಕಾರ್ಡ್ ಮರೆಯಬೇಡಿ.