ಅತ್ತಿದ್ದನ್ನೇ ಲಕ್ಷಣವೆಂದು ಬರೆದುಕೊಂಡೆ

ಹೋಮಿಯೋಪಥಿ ವೃತ್ತಿಗೆ ಬಂದ ಹೊಸದರಲ್ಲಿ ರೋಗಿಯ ಕಣ್ಣಲ್ಲಿ ನೀರು ಕಂಡರೆ ಸಾಕು, ನನ್ನ ಲೇಖನಿ ತಾನಾಗಿಯೇ ‘ಪಲ್ಸಟಿಲ್ಲ’ ಎಂದು ಬರೆಯುತ್ತಿತ್ತು. ಬೇಗ ಅಳುವ, ಸಾಂತ್ವನ ಬಯಸುವ ರೋಗಿಗೆ ನಾವು ಕೊಡುವ ಔಷಧ ಅದು. ಲಕ್ಷಣದಿಂದ ಔಷಧ ಹುಡುಕುವ ನಮ್ಮ ಕೈಪಿಡಿ, ಕೆಂಟ್ ಅವರ ರೆಪರ್ಟರಿ, ಶುರುವಾಗುವುದೇ ಮನಸ್ಸಿನ ಅಧ್ಯಾಯದಿಂದ. ಔಷಧದ ಆಯ್ಕೆಯಲ್ಲಿ ರೋಗಿಯ ಮನಃಸ್ಥಿತಿಯೇ ಬಹಳ ಸಲ ನಿರ್ಣಾಯಕ ಎನ್ನುತ್ತದೆ ಈ ಪದ್ಧತಿಯ ಜನಕ ಹಾನಿಮನ್ ಅವರ ಮೂಲಗ್ರಂಥ ‘ಆರ್ಗನಾನ್’ನ 211ನೇ ಸೂತ್ರ. ಹೀಗಾಗಿ ದೇಹದ ದೂರನ್ನು ಅರ್ಧಂಬರ್ಧ ಕೇಳಿ ಮನಸ್ಸಿಗೆ ಕೈಹಾಕುವುದೇ ಜಾಣತನ ಎಂದುಕೊಂಡಿದ್ದೆ.

ನಡುವಯಸ್ಸಿನ ಮಹಿಳೆಯೊಬ್ಬರು ತಲೆನೋವೆಂದು ಬಂದರು. ಮಾತಿನ ನಡುವೆ, ತೀರಿಕೊಂಡ ಗಂಡನ ವಿಷಯ ಕೆದಕಿದೆ. ಅತ್ತರು. ‘ಬೇಗ ಅಳು ಬರುತ್ತದೆ, ಸಾಂತ್ವನ ಬಯಸುತ್ತಾರೆ’ ಎಂದು ಬರೆದುಕೊಂಡು ಪಲ್ಸಟಿಲ್ಲ ಕೊಟ್ಟೆ. ಎರಡು ಸಲ ಕೊಟ್ಟರೂ ನೋವು ಜಗ್ಗಲಿಲ್ಲ. ಮೂರನೆಯ ಸಲ ಜೊತೆಗೆ ಬಂದ ಮಗಳು ನನ್ನ ಟಿಪ್ಪಣಿ ಕೇಳಿ ನಕ್ಕುಬಿಟ್ಟಳು: “ನಮ್ಮಮ್ಮ ಅಳುವುದೇ? ಅಪ್ಪ ಹೋದ ದಿನವೂ ಕೋಣೆಯ ಬಾಗಿಲು ಹಾಕಿಕೊಂಡು ಅತ್ತವರು, ಡಾಕ್ಟರೇ. ಈಗಂತೂ ಯಾರಾದರೂ ಸಮಾಧಾನ ಹೇಳಿದರೆ ರೇಗುತ್ತಾರೆ.”

ನಾನು ಬರೆದುಕೊಂಡ ಅಳು ಕಾಯಿಲೆಯದಲ್ಲ, ನನ್ನ ಪ್ರಶ್ನೆ ತರಿಸಿದ್ದು. ಸಾಂತ್ವನವಂತೂ ಬರೀ ಊಹೆ. ದುಃಖವನ್ನು ಒಳಗೇ ನುಂಗುವುದು, ಸಮಾಧಾನಕ್ಕೆ ಕೆರಳುವುದು ಔಷಧಗಳ ಗುಣ ವಿವರಿಸುವ ನಮ್ಮ ಮೆಟೀರಿಯಾ ಮೆಡಿಕಾದಲ್ಲಿ ಇನ್ನೊಂದು ಔಷಧವಾದ ನೇಟ್ರಂ ಮ್ಯೂರ್‌ನ ಚಿತ್ರ. ಪಲ್ಸಟಿಲ್ಲಕ್ಕೆ ಅದು ತದ್ವಿರುದ್ಧ. ನೇಟ್ರಂ ಮ್ಯೂರ್ ಕಡೆಗೇ ಬೆರಳು ತೋರುವ ಇನ್ನೆರಡು ಗುರುತುಗಳನ್ನು, ಬಿಸಿಲಿಗೆ ನೋವು ಏರುವುದನ್ನೂ ಉಪ್ಪಿನ ಬಯಕೆಯನ್ನೂ ಅವರು ಮೊದಲ ದಿನವೇ ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಔಷಧ ಬದಲಿಸಿದ ಮೇಲೆ ತಲೆನೋವು ತಗ್ಗಿತು. ಗುಳಿಗೆಯಿಂದಲೋ, ಅಂದು ಒಂದು ಗಂಟೆ ಕೂತು ಕೇಳಿದ್ದರಿಂದಲೋ, ತನ್ನಷ್ಟಕ್ಕೆ ತಾನೋ, ಒಬ್ಬರನ್ನು ನೋಡಿ ಹೇಳಲಾಗದು. ಯಾವ ಕಾಯಿಲೆಗೂ ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇಲ್ಲವೆಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೇಳಿತು. ನಮ್ಮವರಿಗೆ ಈ ಮಾತು ರುಚಿಸುವುದಿಲ್ಲ. ನನಗೂ ರುಚಿಸಲಿಲ್ಲ, ಆದರೆ ಆಮೇಲೆ ‘ನನ್ನ ಔಷಧವೇ ವಾಸಿಮಾಡಿತು’ ಎನ್ನುವುದನ್ನು ಬಿಟ್ಟಿದ್ದೇನೆ.

ಹೌದು, ಅಲ್ಲ ಎಂದಷ್ಟೇ ಉತ್ತರ ಬರುವ ಪ್ರಶ್ನೆ ಬೇಡ ಎನ್ನುತ್ತದೆ ‘ಆರ್ಗನಾನ್’ನ 87ನೇ ಸೂತ್ರ. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ! ಈಗ ‘ಕೋಪ ಹೆಚ್ಚೇ?’ ಎಂದು ಕೇಳುವುದಿಲ್ಲ. ‘ಕಾಯಿಲೆಗೆ ಮೊದಲು ಹೇಗಿದ್ದಿರಿ?’ ಎಂದು ಕೇಳಿ ಸುಮ್ಮನಾಗುತ್ತೇನೆ. ಹುಟ್ಟು ಮುಂಗೋಪಿಯ ಸಿಟ್ಟಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಸದಾ ತಣ್ಣಗಿದ್ದವರು ಜ್ವರದಲ್ಲಿ ಲೋಟ ಎಸೆದರೆ ಅದನ್ನು ಅಡಿಗೆರೆ ಹಾಕಿ ಬರೆದುಕೊಳ್ಳುತ್ತೇನೆ. ಮನೆಯವರನ್ನೂ ಬೇರೆಯಾಗಿ ಕೂರಿಸಿ ಕೇಳುತ್ತೇನೆ.

‘ಬದುಕು ಸಾಕು’ ಎಂಬ ಮಾತು ಬಂದರೆ ಮಾತ್ರ ರೆಪರ್ಟರಿ ಮುಚ್ಚಿಡುತ್ತೇನೆ. ಅಂದೇ, ಜೊತೆಗೊಬ್ಬರನ್ನು ಮಾಡಿ, ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ.