ಮಟಮಟ ಮಧ್ಯಾಹ್ನ ಫ್ಲ್ಯಾಶ್ ಯಾಕೆ?

ಮನೆಮಂದಿ ಜೊತೆ ಚಿತ್ರದುರ್ಗದ ಕೋಟೆಗೆ ಹೊರಟರೆ, ಮೇಲೆ ಹತ್ತುವಷ್ಟರಲ್ಲಿ ಹನ್ನೆರಡು ಗಂಟೆ ಆಗಿಯೇ ಇರುತ್ತದೆ. ಏಕನಾಥೇಶ್ವರಿ ಗುಡಿ ಹತ್ತಿರ ದೊಡ್ಡಪ್ಪನನ್ನು ನಿಲ್ಲಿಸಿದೆ. ತಲೆಗೆ ಬಿಳಿ ರುಮಾಲು. ಫೋಟೋದಲ್ಲಿ ರುಮಾಲು ಫಳಫಳ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ!

ಫ್ಲ್ಯಾಶ್ ಎತ್ತಿದೆ. "ಹಾಡಹಗಲಲ್ಲಿ ಲೈಟ್ ಯಾಕೋ, ಬ್ಯಾಟರಿ ಜಾಸ್ತಿ ಆಗೈತಾ?" ಅಂದರು.

ಮೊದಲು ಆಳನ್ನು ತಿರುಗಿಸಿ. ಬಿಸಿಲು ಬೆನ್ನಿಗೆ ಬೀಳಲಿ. ಕಣ್ಣು ಕಿರಿದು ಮಾಡುವುದು ನಿಲ್ಲುತ್ತದೆ, ಮುಖವೆಲ್ಲ ಒಂದೇ ನೆರಳಿಗೆ ಬರುತ್ತದೆ. ಫ್ಲ್ಯಾಶ್ ತುಂಬಬೇಕಾದದ್ದು ಆ ನೆರಳನ್ನು ಮಾತ್ರ. ಫ್ಲ್ಯಾಶನ್ನು ಆಟೋ ಮೋಡ್‌ನಲ್ಲಿ ಬಿಡಬೇಡಿ, ಬೆಳಕು ಸಾಕು ಅಂದುಕೊಂಡು ಅದು ಸುಮ್ಮನಾಗಬಹುದು. ಮಿಂಚಿನ ಗುರುತನ್ನೇ ಆರಿಸಿ.

ನಾನು ಎಡವಿದ್ದು ಇಲ್ಲಿ. ಹಿಂದಿನ ಬಂಡೆ ಮಸುಕಾಗಲಿ ಅಂತ ಎಫ್ 2.8 ಇಟ್ಟಿದ್ದೆ, ಅಂದರೆ ಲೆನ್ಸಿನ ಕಿಂಡಿ ಅಗಲ ತೆರೆದಿದ್ದೆ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಫ್ಲ್ಯಾಶ್ ಎತ್ತಿದ ಮೇಲೆ ನನ್ನ ಕ್ಯಾಮೆರಾದ ಶಟರ್ (ಬೆಳಕನ್ನು ಒಳಬಿಡುವ ಪರದೆ) 1/200 ಸೆಕೆಂಡ್‌ಗಿಂತ ಬೇಗ ಹೋಗುವುದಿಲ್ಲ. ಕೆಲವದರಲ್ಲಿ 1/250. ಅದಕ್ಕಿಂತ ಬೇಗ ಹೋದರೆ ಚಿತ್ರ ಹಿಡಿಯುವ ಸೆನ್ಸರ್ ಪೂರ್ತಿ ತೆರೆದಿರುವ ಗಳಿಗೆಯೇ ಸಿಗುವುದಿಲ್ಲ. ಸರಿ, ಬೆಳಕು ನುಗ್ಗಿ ರುಮಾಲು, ಬಂಡೆ, ಆಕಾಶ ಎಲ್ಲ ಸುಣ್ಣ ಬಳಿದ ಹಾಗಾಯಿತು. ಈಗ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 100, 1/200, ಎಫ್ 11. ಮೊದಲು ಫ್ಲ್ಯಾಶ್ ಇಲ್ಲದೆ ಒಂದು ಹೊಡೆದು ಆಕಾಶ ನೀಲಿ ಬಂತಾ ನೋಡುತ್ತೇನೆ.

ಎಫ್ 11ರಲ್ಲಿ ಕ್ಯಾಮೆರಾದ ಪುಟ್ಟ ಫ್ಲ್ಯಾಶ್‌ಗೆ ಶಕ್ತಿ ಸಾಲದು. ಗೈಡ್ ನಂಬರ್ (ಫ್ಲ್ಯಾಶ್ ಶಕ್ತಿ ಹೇಳುವ ಅಂಕಿ) 12 ಇದ್ದರೆ, 12ನ್ನು 11ರಿಂದ ಭಾಗಿಸಿ: ಪೂರ್ತಿ ಬೆಳಕು ತಲುಪುವ ದೂರ ಒಂದು ಮೀಟರ್ ಚಿಲ್ಲರೆ. ನಮಗೆ ಬೇಕಿರುವುದು ಅರೆಬೆಳಕು, ಹಾಗಾಗಿ ಒಂದೂವರೆ ಮೀಟರ್‌ವರೆಗೂ ನಡೆಯುತ್ತದೆ. ಮೂರು ಮೀಟರ್ ದೂರ ನಿಂತರೆ ಅದರ ಕಾಲುಭಾಗ ಮಾತ್ರ ತಲುಪುತ್ತದೆ, ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಹತ್ತಿರ ಹೋಗಿ, ಆದರೆ ವೈಡ್ ಲೆನ್ಸ್ ಬೇಡ, ಮೂಗು ದಪ್ಪ ಕಾಣುತ್ತದೆ. ನಾನು 50 ಎಂಎಂ ಹಾಕುತ್ತೇನೆ.

ಇನ್ನು ಫ್ಲ್ಯಾಶ್ ಕಾಂಪನ್ಸೇಶನ್, ಅಂದರೆ ಫ್ಲ್ಯಾಶ್ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್. ಸೊನ್ನೆಯಲ್ಲಿ ಬಿಟ್ಟರೆ ಮುಖ ಪಾಸ್‌ಪೋರ್ಟ್ ಫೋಟೋ ಥರ ಚಪ್ಪಟೆಯಾಗುತ್ತದೆ. ಮೈನಸ್ 1ಕ್ಕೆ ಇಳಿಸಿ. ಇನ್ನೂ ಎದ್ದು ಕಂಡರೆ ಮೈನಸ್ 1.7. ಆಗ ಕಣ್ಣಲ್ಲಿ ಒಂದು ಸಣ್ಣ ಹೊಳಪು ಉಳಿಯುತ್ತದೆ, ಅಷ್ಟು ಸಾಕು. ಕೊನೆಗೆ ಬಂದ ಫೋಟೋ ನೋಡಿ ದೊಡ್ಡಪ್ಪ, "ಲೈಟ್ ಬಿದ್ದೇ ಇಲ್ಲ ನೋಡು" ಅಂದರು. ನನಗೆ ಅದೇ ಬೇಕಿತ್ತು!

ಲೆನ್ಸ್ ಹುಡ್ (ಲೆನ್ಸಿನ ತುದಿಗೆ ಹಾಕುವ ನೆರಳಿನ ಬಳೆ) ತೆಗೆಯಿರಿ, ಇಲ್ಲದಿದ್ದರೆ ಫೋಟೋದ ಕೆಳಗೆ ಅರ್ಧಚಂದ್ರದಂಥ ನೆರಳು ಬೀಳುತ್ತದೆ. ಕನ್ನಡಕ ಇದ್ದವರು, ಗಾಜಿನಲ್ಲಿ ಫ್ಲ್ಯಾಶ್ ಹೊಳೆಯದ ಹಾಗೆ, ಗದ್ದ ಸ್ವಲ್ಪ ತಗ್ಗಿಸಲಿ. ಹತ್ತು ಜನರ ಗುಂಪಾದರೆ ಈ ಪುಟ್ಟ ಫ್ಲ್ಯಾಶ್ ನಂಬಬೇಡಿ. ಎಲ್ಲರನ್ನೂ ಕೋಟೆಗೋಡೆಯ ನೆರಳಿಗೆ ಕರೆದುಕೊಂಡು ಹೋಗಿ.